ನಾರ್ಡ್‌ಹಾವ್ನ್ 46: ಸಾಗರ ದಾಟುವ ಬೋಟನ್ನು ಕೊಳ್ಳುವ ಮುನ್ನ ಎಲ್ಲೆಲ್ಲಿ ಬಿಚ್ಚಿ ನೋಡಬೇಕು

ಟ್ರಾಲರ್ ಯಾಟ್, ಅಂದರೆ ಮೀನುಗಾರಿಕೆ ಬೋಟಿನ ರೂಪದ ವಿಹಾರ ಬೋಟು, ಅನ್ನುವ ಹೆಸರಿನಲ್ಲಿ ಮಾರಾಟಕ್ಕಿರುವ ಬೋಟುಗಳಲ್ಲಿ ಹೆಚ್ಚಿನವು ಕರಾವಳಿಯ ಬೋಟುಗಳು. ಎತ್ತರದ ಮೂತಿ, ಗಟ್ಟಿ ರೇಲಿಂಗು, ಒಂದು ಗಿಡ್ಡ ಮಾಸ್ಟು ಇದ್ದರೆ ಮೀನುಗಾರಿಕೆ ಬೋಟಿನ ಗತ್ತೇನೋ ಬರುತ್ತದೆ. ಸಮುದ್ರ ತಾಳುವ ಶಕ್ತಿ ಬರುವುದು ಬೇರೆ ಕಡೆಯಿಂದ: ನೀರಿನಡಿಯ ಒಡಲಿನ ಆಕಾರ, ತೂಕ ಕೂತಿರುವ ಜಾಗ, ನೀರು ಒಳಗೆ ನುಗ್ಗಬಹುದಾದ ಬಾಯಿಗಳು. ಈ ಮೂರನ್ನೂ ಸಾಗರ ದಾಟುವುದಕ್ಕೆಂದೇ ಹೊಂದಿಸಿ, ಮಾರುಕಟ್ಟೆಗಾಗಿ ಸಾಲಾಗಿ ಕಟ್ಟಿದ ಸಣ್ಣ ಬೋಟುಗಳಲ್ಲಿ ನಾರ್ಡ್‌ಹಾವ್ನ್ 46ಕ್ಕೆ ದೊಡ್ಡ ಸ್ಥಾನವಿದೆ. ಕ್ಯಾಲಿಫೋರ್ನಿಯಾದ ಡೇನಾ ಪಾಯಿಂಟ್‌ನ ಪೆಸಿಫಿಕ್ ಏಷ್ಯನ್ ಎಂಟರ್‌ಪ್ರೈಸಸ್ ಕಂಪನಿಗೆ ಜೆಫ್ ಲೀಶ್‌ಮನ್ ಇದರ ವಿನ್ಯಾಸ ಮಾಡಿದರು. ಮೊದಲ ಬೋಟು 1989ರಲ್ಲಿ ನೀರಿಗಿಳಿಯಿತು, ಒಟ್ಟು 80ಕ್ಕೂ ಹೆಚ್ಚು ತಯಾರಾದವು. 1990ರ ದಶಕದಲ್ಲೇ ಇವುಗಳಲ್ಲಿ ಒಂದು ಇಡೀ ಭೂಮಿ ಸುತ್ತಿ ಬಂತು. ಈಗ ಸಿಗುವುದು ಬಳಸಿದವು ಮಾತ್ರ. ಹಾಗಾಗಿ ಈ ವಿಮರ್ಶೆ ಬಳಸಿದ ಬೋಟನ್ನೇ ಕುರಿತದ್ದು.

ಮೊದಲು ಅಳತೆಗಳು. ಒಟ್ಟು ಉದ್ದ ಸುಮಾರು 13.9 ಮೀಟರ್, ನೀರಿನ ಗೆರೆಯಲ್ಲಿ ಉದ್ದ 11.7 ಮೀಟರ್, ಅಗಲ 4.7 ಮೀಟರ್, ನೀರಿನಡಿ ಆಳ 1.5 ಮೀಟರ್. ಕಾಗದದ ಮೇಲಿನ ತೂಕ 22 ಟನ್ ಹತ್ತಿರ. ಡೀಸೆಲ್, ನೀರು, ಸಾಮಾನು, ಬಿಡಿಭಾಗ ತುಂಬಿ ಹೊರಡುವಾಗ 27 ಟನ್ ಮುಟ್ಟಿದರೂ ಆಶ್ಚರ್ಯವಿಲ್ಲ. ಉದ್ದಕ್ಕೆ ಹೋಲಿಸಿದರೆ ಇದು ಬಹಳ ಭಾರದ ಬೋಟು. ಎಷ್ಟು ಭಾರ ಅನ್ನುವುದಕ್ಕೆ ಹಳೆಯ ಲೆಕ್ಕವೊಂದಿದೆ: ತೂಕವನ್ನು ಲಾಂಗ್ ಟನ್ನಿನಲ್ಲಿ (ಒಂದಕ್ಕೆ 1,016 ಕೆ.ಜಿ.) ತೆಗೆದುಕೊಂಡು, ನೀರಿನ ಗೆರೆಯ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ನೂರನೇ ಒಂದು ಭಾಗದ ಘನದಿಂದ ಭಾಗಿಸಬೇಕು. ನಾರ್ಡ್‌ಹಾವ್ನ್ 46ಕ್ಕೆ ಉತ್ತರ 380ರ ಆಸುಪಾಸು ಬರುತ್ತದೆ, ತುಂಬಿದಾಗ 450 ದಾಟುತ್ತದೆ. ಇದೇ ಲೆಕ್ಕದಲ್ಲಿ, ಇದರ ಜೊತೆ ಹೋಲಿಸಬಹುದಾದ ಇನ್ನೆರಡು ಟ್ರಾಲರ್‌ಗಳಲ್ಲಿ, ಕೇಡಿ ಕ್ರೋಗನ್ 42ಕ್ಕೆ 290 ಹತ್ತಿರ, ಗ್ರ್ಯಾಂಡ್ ಬ್ಯಾಂಕ್ಸ್ 42ಕ್ಕೆ 220ರಿಂದ 240. ಸಂಖ್ಯೆ ದೊಡ್ಡದಾದಷ್ಟೂ ಅಲೆಯ ಮೇಲೆ ಬೋಟಿನ ಚಲನೆ ನಿಧಾನ, ಹೊರುವ ಡೀಸೆಲ್ ಹೆಚ್ಚು, ಓಡುವ ವೇಗ ಕಡಿಮೆ.

ವೇಗದ ವಿಷಯದಲ್ಲಿ ಮಾರುವವರ ಮಾತಿಗಿಂತ ಭೌತಶಾಸ್ತ್ರವನ್ನು ನಂಬುವುದು ಒಳ್ಳೆಯದು. ನೀರನ್ನು ಸೀಳಿ ಸಾಗುವ ಒಡಲಿನ ಗರಿಷ್ಠ ವೇಗವೆಂದರೆ, ಮೀಟರಿನಲ್ಲಿ ಅಳೆದ ನೀರಿನ ಗೆರೆಯ ಉದ್ದದ ವರ್ಗಮೂಲವನ್ನು 2.43ರಿಂದ ಗುಣಿಸಿದಷ್ಟು ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ.). ಇಲ್ಲಿ ಅದು 8.3. ಆ ವೇಗದಲ್ಲಿ ಯಾರೂ ಸಾಗರ ದಾಟುವುದಿಲ್ಲ. 6.5 ನಾಟ್‌ನಲ್ಲಿ ಗಂಟೆಗೆ ಸುಮಾರು 9 ಲೀಟರ್ ಡೀಸೆಲ್ ಸಾಕು. ಒಂದು ಲೀಟರಿನಿಂದ ಸುಮಾರು 4.8 ಎಚ್‌ಪಿ-ಗಂಟೆ ಸಿಗುತ್ತದೆ ಎಂದು ಹಿಡಿದರೆ, 22 ಟನ್ನಿನ ಈ ಬೋಟನ್ನು ಓಡಿಸುತ್ತಿರುವುದು ಬರೀ 43 ಎಚ್‌ಪಿ. ಅದೇ ಬೋಟನ್ನು 7.5 ನಾಟ್‌ಗೆ ಏರಿಸಿದರೆ ಗಂಟೆಗೆ 15ರಿಂದ 16 ಲೀಟರ್ ಬೇಕು. ಟ್ಯಾಂಕುಗಳಲ್ಲಿ ಸುಮಾರು 3,785 ಲೀಟರ್ ಹಿಡಿಯುತ್ತದೆ. ಹತ್ತನೇ ಒಂದು ಭಾಗವನ್ನು ಮುಟ್ಟದೆ ಇಟ್ಟರೆ ಮೊದಲ ವೇಗದಲ್ಲಿ 2,450 ನಾಟಿಕಲ್ ಮೈಲಿ ಹೋಗಬಹುದು, ಎರಡನೆಯದರಲ್ಲಿ 1,650. ಲಾಸ್ ಏಂಜಲೀಸ್‌ನಿಂದ ಹೊನೊಲುಲುವಿಗೆ ಸುಮಾರು 2,225 ಮೈಲಿ. ಒಂದು ನಾಟ್ ಆಸೆಪಟ್ಟರೆ ಹವಾಯಿ ಕೈಗೆ ಸಿಗುವುದಿಲ್ಲ ಎಂದರ್ಥ. ಎದುರು ಹರಿವು ಅರ್ಧ ನಾಟ್ ಇದ್ದರೂ 2,450 ಮೈಲಿ 2,270ಕ್ಕೆ ಇಳಿಯುತ್ತದೆ, ಜನರೇಟರ್ ಕುಡಿಯುವ ಡೀಸೆಲ್ ಇದರ ಮೇಲೆ. ಆದ್ದರಿಂದ ಮೊದಲ ಮೂರು ದಿನ 6 ನಾಟ್‌ಗಿಂತ ಮೇಲೆ ಹೋಗದೆ, ಗಾಳಿ ಮತ್ತು ಹರಿವಿನ ರೀತಿ ನೋಡಿಕೊಂಡು, ಉಳಿದ ಡೀಸೆಲ್ಲಿಗೂ ಉಳಿದ ದೂರಕ್ಕೂ ದಿನಾ ತಾಳೆ ಹಾಕಿ ಆಮೇಲೆ ವೇಗ ಏರಿಸುವುದು ಬಲ್ಲವರ ಕ್ರಮ.

ಇನ್ನು ಸಮತೋಲ. ಅಮೆರಿಕದ ನೌಕಾಪಡೆಯ ಕ್ಯಾಪ್ಟನ್ ಆಗಿದ್ದ ರಾಬರ್ಟ್ ಬೀಬಿ 1963ರಲ್ಲಿ ಪ್ಯಾಸೇಜ್‌ಮೇಕರ್ ಎಂಬ 50 ಅಡಿ ಬೋಟನ್ನು ಕಟ್ಟಿಸಿದರು. ಇಂದಿನ ಸಾಗರಗಾಮಿ ಮೋಟಾರ್ ಬೋಟುಗಳಲ್ಲಿ ಹಲವು ಅದರ ವಂಶದವು. ಬೋಟನ್ನು ಪಕ್ಕದಿಂದ ನೋಡಿದಾಗ ನೀರಿನ ಮೇಲೆ ಕಾಣುವ ವಿಸ್ತೀರ್ಣ, ನೀರಿನಡಿ ಇರುವ ವಿಸ್ತೀರ್ಣದ 2.6 ಪಟ್ಟು ಮೀರಬಾರದು ಎಂಬ ಅವರ ಅಳತೆಗೋಲು ಈಗಲೂ ಕೆಲಸಕ್ಕೆ ಬರುತ್ತದೆ. ಪಕ್ಕದ ನೋಟದ ನಕ್ಷೆಯನ್ನು ಚೌಕುಳಿ ಕಾಗದದ ಮೇಲಿಟ್ಟು ಚೌಕ ಎಣಿಸಿದರೆ ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತದೆ. ಮೂರು ಅಂತಸ್ತಿನ ಹೊಸ ಬೋಟುಗಳು ಈ ಪರೀಕ್ಷೆಯಲ್ಲೇ ಬೀಳುತ್ತವೆ. ನಾರ್ಡ್‌ಹಾವ್ನ್ 46 ಗೆಲ್ಲುತ್ತದೆ. ಆದರೆ ಹಿಂದಿನ ಮಾಲೀಕರು ಮೇಲೆ ಏನೇನು ಹೊರಿಸಿದ್ದಾರೆ ಎಂಬುದು ಬೇರೆ ಪ್ರಶ್ನೆ, ಬಳಸಿದ ಬೋಟಿನಲ್ಲಿ ಅದೇ ದೊಡ್ಡ ಪ್ರಶ್ನೆ.

ಅದಕ್ಕೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಅಲೆಯಿಲ್ಲದ ಬಂದರಿನಲ್ಲಿ ಬೋಟಿನ ಹಗ್ಗಗಳನ್ನು ಸಡಿಲ ಬಿಡಿ. ಇಬ್ಬರು ಮೂವರು ಒಂದು ಬದಿಯ ಅಂಚಿನಲ್ಲಿ ನಿಂತು ತಾಳ ಹಿಡಿದು ತುಳಿದರೆ ಬೋಟು ಹೊರಳತೊಡಗುತ್ತದೆ. ಅವರು ತುಳಿಯುವುದನ್ನು ನಿಲ್ಲಿಸಿದ ಮೇಲೆ, ಒಂದು ಬದಿಗೆ ಪೂರ್ತಿ ವಾಲಿದಲ್ಲಿಂದ ಮತ್ತೆ ಅದೇ ಬದಿಗೆ ಬರುವವರೆಗೆ ಒಂದು ಹೊರಳು ಎಂದು ಲೆಕ್ಕ ಹಿಡಿದು, ಸಾಧ್ಯವಾದಷ್ಟು ಹೊರಳುಗಳ ಸಮಯ ಅಳೆದು ಸರಾಸರಿ ತೆಗೆಯಿರಿ. ಅಗಲವನ್ನು 0.8ರಿಂದ ಗುಣಿಸಿ, ಆ ಸರಾಸರಿ ಸೆಕೆಂಡಿನಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿದರೆ ಮೆಟಾಸೆಂಟ್ರಿಕ್ ಎತ್ತರ ಮೀಟರಿನಲ್ಲಿ ಬರುತ್ತದೆ. ಬೋಟು ಮತ್ತೆ ನೆಟ್ಟಗೆ ನಿಲ್ಲುವ ಮೊದಲ ಶಕ್ತಿಯ ಅಳತೆ ಅದು. 4.7 ಮೀಟರ್ ಅಗಲದ ಬೋಟು 5 ಸೆಕೆಂಡಿನಲ್ಲಿ ಹೊರಳಿದರೆ 0.57 ಮೀಟರ್, ಚೆನ್ನಾಗಿದೆ. 7 ಸೆಕೆಂಡ್ ತೆಗೆದುಕೊಂಡರೆ 0.29 ಮಾತ್ರ, ಮೇಲ್ಭಾರ ಜಾಸ್ತಿಯಾಗಿದೆ. 3 ಸೆಕೆಂಡಿಗೇ ತಿರುಗಿ ಬಂದರೆ ಮಗುಚುವ ಭಯ ಕಡಿಮೆ, ಆದರೆ ಆ ಎಳೆತಕ್ಕೆ ಒಳಗಿರುವವರು ನಿಲ್ಲಲಾರರು, ಅಡುಗೆ ಮಾಡಲಾರರು, ನಿದ್ದೆಗೆಟ್ಟು ಮೂರನೇ ದಿನಕ್ಕೆ ತಪ್ಪು ನಿರ್ಧಾರ ತೆಗೆದುಕೊಳ್ಳುತ್ತಾರೆ. ಲಾಲಿಗೆ ತೂಗುವ ತೊಟ್ಟಿಲಿನ ಹಾಗೆ ಹದವಾಗಿ ಹೋಗಿ ಹದವಾಗಿ ಬರಬೇಕು.

ಉದಾಹರಣೆಗೆ, ಮೇಲಿನ ಡೆಕ್ಕಿಗೆ ಡಿಂಗಿ ಎಂಬ ಪುಟ್ಟ ದೋಣಿ, ಅದನ್ನೆತ್ತುವ ಕ್ರೇನು, ಸೋಲಾರ್ ಫಲಕ, ಏಸಿ ಎಲ್ಲ ಸೇರಿ 600 ಕೆ.ಜಿ. ಹೆಚ್ಚಾಗಿದೆ, ಅದು ಬೋಟಿನ ಗುರುತ್ವ ಕೇಂದ್ರಕ್ಕಿಂತ 4 ಮೀಟರ್ ಮೇಲಿದೆ ಎನ್ನೋಣ. 22 ಟನ್ನಿನ ಬೋಟಿನಲ್ಲಿ ಇದರಿಂದ ಮೆಟಾಸೆಂಟ್ರಿಕ್ ಎತ್ತರ ಸುಮಾರು 11 ಸೆಂಟಿಮೀಟರ್ ಇಳಿಯುತ್ತದೆ. 57ರಲ್ಲಿ 11 ಎಂದರೆ ಐದನೇ ಒಂದು ಭಾಗ. ಅರ್ಧ ಖಾಲಿಯಾದ ಟ್ಯಾಂಕುಗಳಲ್ಲಿ ಡೀಸೆಲ್ ಅತ್ತಿತ್ತ ಹರಿಯುವುದೂ ಇದೇ ಕೆಲಸ ಮಾಡುತ್ತದೆ. ಹಾಗಾಗಿ ಟ್ಯಾಂಕ್ ತುಂಬಿದ ದಿನ ಮಾಡಿದ ಪರೀಕ್ಷೆಯೊಂದನ್ನೇ ನೆಚ್ಚಬೇಡಿ, ಅರ್ಧ ಖಾಲಿ ಇರುವಾಗ ಇನ್ನೊಮ್ಮೆ ಅಳೆಯಿರಿ. ಯುರೋಪಿನ ಸಿಇ ವರ್ಗೀಕರಣದಲ್ಲಿ 'ಎ' ವರ್ಗವೆಂದರೆ ಗಾಳಿಯ ಬಲದ ಬೋಫೋರ್ಟ್ ಅಳತೆಯಲ್ಲಿ 8ಕ್ಕಿಂತ ಹೆಚ್ಚಿನ ಗಾಳಿಗೂ 4 ಮೀಟರಿಗಿಂತ ಎತ್ತರದ ಅಲೆಗೂ ವಿನ್ಯಾಸಗೊಂಡ ಬೋಟು. ಆ ನಿಯಮ ಯುರೋಪಿನಲ್ಲಿ ಕಡ್ಡಾಯವಾದದ್ದು 1998ರಲ್ಲಿ. ಅದಕ್ಕೆ ಮೊದಲು ಅಮೆರಿಕಕ್ಕೆಂದು ಕಟ್ಟಿದ ಬೋಟಿನಲ್ಲಿ ಸಿಇ ಫಲಕ ಹುಡುಕುವುದು ವ್ಯರ್ಥ, ಅದಿಲ್ಲದ್ದು ದೋಷವೂ ಅಲ್ಲ. ಫಲಕ ಇರುವ ಬೋಟಿಗೂ ಅದು ಕಾರ್ಖಾನೆ ಬಿಟ್ಟ ದಿನದ ಪ್ರಮಾಣಪತ್ರವಷ್ಟೇ, ಆಮೇಲೆ ಏರಿಸಿದ ಕ್ರೇನಿನ ಲೆಕ್ಕ ಅದರಲ್ಲಿಲ್ಲ.

ಸಮತೋಲ ಚೆನ್ನಾಗಿದ್ದರೂ ಗುಂಡು ತಳದ ಈ ಬೋಟು ಹೊರಳುತ್ತದೆ. ಪಕ್ಕದ ಅಲೆಯಲ್ಲಿ ಹೊರಳಾಟ ತಗ್ಗಿಸುವ ಸ್ಟೆಬಿಲೈಜರ್ ಇಲ್ಲದೆ ಇದರಲ್ಲಿ ದೂರ ಹೋಗುವುದು ಶಿಕ್ಷೆಯೇ ಸರಿ. ಹಲವು ಬೋಟುಗಳಿಗೆ ಪ್ಯಾರಾವೇನ್ ವ್ಯವಸ್ಥೆ ಇದೆ: ಎರಡೂ ಬದಿಗೆ ಸುಮಾರು 45 ಡಿಗ್ರಿಗೆ ಇಳಿಸುವ ಉದ್ದದ ಕಂಬ, ಅದರ ತುದಿಯಿಂದ ನೀರಿನಲ್ಲಿ 5 ಮೀಟರ್ ಆಳಕ್ಕೆ ಇಳಿಬಿಟ್ಟ, 15ರಿಂದ 20 ಕೆ.ಜಿ. ತೂಕದ, ಮೂತಿಯಲ್ಲಿ ಸೀಸವಿರುವ ರೆಕ್ಕೆ. ಅದಕ್ಕೆ 'ಮೀನು' ಎಂದೇ ಹೆಸರು. ಬೋಟು ಒಂದು ಕಡೆ ಏಳತೊಡಗಿದರೆ ಆ ಬದಿಯ ಮೀನು ಕೆಳಕ್ಕೆ ಎಳೆಯುತ್ತದೆ. ಮೋಟಾರಿಲ್ಲ, ಹೈಡ್ರಾಲಿಕ್ ಇಲ್ಲ, ಕೆಟ್ಟರೆ ಹಗ್ಗ, ಶ್ಯಾಕಲ್‌ಗಳಲ್ಲಿ ದುರಸ್ತಿ ಮಾಡಬಹುದು. ಬೆಲೆ ತೆರಬೇಕಾದದ್ದು ಅರ್ಧದಿಂದ ಮುಕ್ಕಾಲು ನಾಟ್ ವೇಗ, ಮತ್ತು ಇಳಿಸುವಾಗ ಎತ್ತುವಾಗ ಬೇಕಾದ ಎಚ್ಚರ. ಮೀನನ್ನು ಎತ್ತುವಾಗ ಬೋಟಿನ ವೇಗ ತೀರಾ ಇಳಿಸಿರಬೇಕು. ಇಲ್ಲದಿದ್ದರೆ ನೀರಿನಿಂದ ಹೊರಬಂದ ಆ ತೂಕ ಒಡಲಿಗೆ ಬಡಿಯುತ್ತದೆ. ಬಲೆ, ಏಡಿ ಬೋನಿನ ಹಗ್ಗ, ಕಡಲಪಾಚಿ ಇರುವಲ್ಲಿ ಇಳಿಸಬಾರದು.

ಕೊಳ್ಳುವಾಗ ಕಂಬಕ್ಕಿಂತ ಕಂಬದ ಬುಡ ಮುಖ್ಯ. ಡೆಕ್ಕಿಗೆ ತಟ್ಟೆ ಕೂರಿಸಿದಲ್ಲಿ ಬೋಲ್ಟ್‌ಗಳ ಸುತ್ತ ನೀರು ಇಳಿದು ಒಳಗಿನ ತಿರುಳು ಕೊಳೆತಿರಬಹುದು. ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟುತ್ತ ಹೋಗಿ: ಗಟ್ಟಿ ಇದ್ದಲ್ಲಿ ಕಣ್‌ಕಣ್ ಸದ್ದು, ಕೊಳೆತಲ್ಲಿ ಬೊದ್ದು ಸದ್ದು. ತೇವಾಂಶ ಮೀಟರ್ ಇಟ್ಟು ಖಚಿತ ಮಾಡಿಕೊಳ್ಳಿ. ಸ್ಟೀಲ್ ತಂತಿಯ ತುದಿಗಳಲ್ಲಿ ಒತ್ತಿ ಕೂರಿಸಿದ ಕೊಳವೆಯ ಬಾಯಲ್ಲಿ ತುಕ್ಕಿನ ಕೆಂಪು ಗೆರೆ ಕಂಡರೆ, ಅಥವಾ ತಂತಿಗಳಿಗೆ ಹತ್ತು ವರ್ಷ ಮೀರಿದ್ದರೆ, ಪೂರ್ತಿ ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ. ಪ್ಯಾರಾವೇನ್ ಬದಲು, ಒಡಲಿನ ಎರಡೂ ಬದಿಗೆ ನೀರಿನಡಿ ಕೂರಿಸಿ ಎಣ್ಣೆಯ ಒತ್ತಡದಿಂದ ತಿರುಗಿಸುವ ಹೈಡ್ರಾಲಿಕ್ ರೆಕ್ಕೆ ಹಾಕಿಸಿದ ಬೋಟಾದರೆ ರೆಕ್ಕೆಯ ಶಾಫ್ಟ್ ಸೀಲು ಕೊನೆಗೆ ಬದಲಾದದ್ದು ಯಾವಾಗ ಎಂದು ಬಿಲ್ಲು ಸಮೇತ ಕೇಳಿ. ನಮ್ಮ ಮತವೆಂದರೆ, ಕರಾವಳಿ ಪ್ರಯಾಣಕ್ಕೆ ಹೈಡ್ರಾಲಿಕ್ ರೆಕ್ಕೆ ಸುಖ, ಸಾಗರಕ್ಕೆ ಪ್ಯಾರಾವೇನ್ ನಂಬಿಕೆ.

ನೀರು ಒಳಗೆ ಬರುವ ಬಾಯಿಗಳ ಕಡೆಗೆ ಬರೋಣ. ಬೋಟು ನಡೆಸುವ ಕೋಣೆಯಾದ ಪೈಲಟ್‌ಹೌಸಿನ ಮುಂದೆ ಎದೆಯೆತ್ತರದ ಗೋಡೆಯೊಂದಿದೆ, ಪೋರ್ಚುಗೀಸ್ ಬ್ರಿಜ್ ಎಂದು ಹೆಸರು. ಮೂತಿಯ ಮೇಲೆ ಬಿದ್ದ ಅಲೆ ಅದಕ್ಕೆ ಬಡಿದು ಮುರಿಯುತ್ತದೆ, ಗಾಜಿಗೆ ನೇರ ಹೊಡೆತ ತಪ್ಪುತ್ತದೆ. ಹಿಂದಿನ ಕಾಕ್‌ಪಿಟ್, ಅಂದರೆ ಸುತ್ತ ಗೋಡೆಯಿರುವ ತೆರೆದ ಡೆಕ್ಕು, ಚಿಕ್ಕದು. ಲಂಗರು ಹಾಕಿ ಊಟಕ್ಕೆ ಕೂರುವವರಿಗೆ ಅದು ಇಕ್ಕಟ್ಟು ಅನಿಸಬಹುದು, ಸಮುದ್ರದಲ್ಲಿ ಅದೇ ಒಳ್ಳೆಯದು. 2 ಮೀಟರ್ ಉದ್ದ, 3.5 ಮೀಟರ್ ಅಗಲ, 70 ಸೆಂಟಿಮೀಟರ್ ಎತ್ತರದ ಕಾಕ್‌ಪಿಟ್ ತುಂಬಿದರೆ 5 ಟನ್ ನೀರು ಹಿಂಭಾಗದ ಮೇಲೆ ಕೂರುತ್ತದೆ. ಅಷ್ಟು ನೀರು ಮುಂದಿನ ಅಲೆ ಬರುವುದರೊಳಗೆ ಹೊರಹೋಗಬೇಕು. ನೀರು ಹೊರಹರಿಯುವ ಬಾಯಿಗಳನ್ನು ಮುಚ್ಚಿ ಪಾದ ಮುಳುಗುವಷ್ಟು ನೀರು ತುಂಬಿ, ತೆರೆದು, ಖಾಲಿಯಾಗಲು ಎಷ್ಟು ಹೊತ್ತು ಎಂದು ನೋಡಿ. ಎಷ್ಟೋ ಬೋಟುಗಳಲ್ಲಿ ಈ ಬಾಯಿಗಳಿಗೆ ಜಾಲರಿ ಹಾಕಿ, ಆ ಜಾಲರಿಗೆ ಎಲೆ ಕಸ ಕಟ್ಟಿಕೊಂಡಿರುತ್ತದೆ. ಕೂರುವ ಕೋಣೆಯಾದ ಸಲೂನಿನ ಹಿಂಬಾಗಿಲಿನ ಹೊಸ್ತಿಲು ಎಷ್ಟು ಎತ್ತರ, ಬಾಗಿಲ ರಬ್ಬರು ಇನ್ನೂ ಮೆತ್ತಗಿದೆಯೇ, ಇವೂ ಅದೇ ಸಾಲಿನ ಪ್ರಶ್ನೆಗಳು. ಸಲೂನಿನ ದೊಡ್ಡ ಕಿಟಕಿಗಳೇ ಈ ಬೋಟಿನ ಮೆತ್ತನೆಯ ಜಾಗ. ಅವುಗಳ ಮೇಲೆ ಹೊರಗಿನಿಂದ ಕೂರಿಸುವ ಪಾಲಿಕಾರ್ಬನೇಟ್ ಬಿರುಗಾಳಿ ಫಲಕಗಳು ಬೋಟಿನಲ್ಲೇ ಇವೆಯೇ ಎಂದು ಕೇಳುವುದಷ್ಟೇ ಸಾಲದು, ಒಂದನ್ನಾದರೂ ಕೂರಿಸಿ ನೋಡಿ. ಇಪ್ಪತ್ತು ವರ್ಷ ಮುಟ್ಟದ ಸ್ಕ್ರೂ ತೂತುಗಳು ಬಣ್ಣ, ಸೀಲೆಂಟಿನಿಂದ ಮುಚ್ಚಿಹೋಗಿರುವುದು ಸಾಮಾನ್ಯ. ಎಂಜಿನ್ ಕೋಣೆಯ ಗಾಳಿಯ ಕಿಂಡಿ ಎಲ್ಲಿದೆ, ಬೋಟು ಎಷ್ಟು ವಾಲಿದರೆ ಅದು ನೀರು ಮುಟ್ಟುತ್ತದೆ ಎಂಬುದನ್ನೂ ಅಳೆಯಬೇಕು. ಸಮತೋಲದ ಲೆಕ್ಕ ಎಷ್ಟೇ ಚೆನ್ನಾಗಿದ್ದರೂ ಆ ಕೋನಕ್ಕೆ ಬೋಟಿನ ಭದ್ರತೆ ಮುಗಿಯುತ್ತದೆ.

ಎಂಜಿನ್ ಒಂದೇ, ಹೆಚ್ಚಿನವುಗಳಲ್ಲಿ 140 ಎಚ್‌ಪಿ ಆಸುಪಾಸಿನ ಲಗ್ಗರ್. ತಳದ ಉದ್ದಕ್ಕೂ ಇರುವ ಬೆನ್ನೆಲುಬಾದ ಕೀಲಿನ ಬದಿಯಲ್ಲಿ ನೀರಿಗೆ ತಾಗಿಕೊಂಡಿರುವ ಕೊಳವೆಗಳಲ್ಲಿ ಕೂಲೆಂಟ್ ಹರಿದು ತಣ್ಣಗಾಗುತ್ತದೆ, ಹೊಗೆ ಲಾರಿಯ ಹಾಗೆ ನೇರ ಮೇಲಿನ ಚಿಮಣಿಗೆ ಹೋಗುತ್ತದೆ. ಉಪ್ಪುನೀರಿನ ಪಂಪು, ಇಂಪೆಲ್ಲರ್, ಹೀಟ್ ಎಕ್ಸ್‌ಚೇಂಜರ್ ಯಾವುದೂ ಮುಖ್ಯ ಎಂಜಿನ್ನಿಗಿಲ್ಲ. ಅಂದರೆ ನಡುರಾತ್ರಿ ಎಂಜಿನ್ ಬಿಸಿಯಾಗಿ ನಿಲ್ಲಲು ಇರುವ ಕಾರಣಗಳಲ್ಲಿ ಅರ್ಧಕ್ಕರ್ಧ ಇಲ್ಲವಾದವು. ಕೆಡುವ ಜಾಗಗಳು ಬೇರೆ. ಕೀಲ್ ಕೊಳವೆಗಳ ಮೇಲೆ ಬಾರ್ನಕಲ್ ಎಂಬ ಚಿಪ್ಪುಜೀವಿ ಬೆಳೆದರೆ ಅಥವಾ ದಪ್ಪಗೆ ಬಣ್ಣ ಬಳಿದರೆ ಶಾಖ ಹೊರಹೋಗುವುದಿಲ್ಲ. ಸತುವಿನ ತುಂಡು ಸವೆದು ಮುಗಿದಿದ್ದರೆ ಸವೆತ ಕೊಳವೆಗೇ ತಗಲುತ್ತದೆ. ಚಿಮಣಿಯ ದಾರಿಯಲ್ಲಿ ಎಂಜಿನ್ ಅದುರುವಿಕೆ ತಡೆಯುವ ಸುಕ್ಕುಸುಕ್ಕಾದ ಸ್ಟೀಲ್ ಕೊಳವೆ ಇರುತ್ತದೆ, ಅದರ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಸುತ್ತಿದ ಶಾಖನಿರೋಧಕ ಹೊದಿಕೆಯ ಮೇಲೆ ಕಪ್ಪು ಮಸಿಯ ಗೆರೆ ಕಂಡರೆ ಬಿಚ್ಚಿಸದೆ ಬಿಡಬೇಡಿ, ಅದು ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಬರುವ ದಾರಿ. ಎಂಜಿನ್ ಕೋಣೆಯಲ್ಲಿ ನೆಟ್ಟಗೆ ನಿಲ್ಲಲಾಗದು. ಅಲೆಯ ನಡುವೆ, ಬಿಸಿಯಲ್ಲಿ, ಬಗ್ಗಿಕೊಂಡು ಫಿಲ್ಟರ್ ಬದಲಿಸುವವರು ನೀವೇ ಆಗಿರುವುದರಿಂದ ಒಮ್ಮೆ ಒಳಗೆ ಹೋಗಿ ಕೈ ಚಾಚಿ ನೋಡಿ. ಈ ಬೋಟಿನ ಬಗ್ಗೆ ನಮಗಿರುವ ದೊಡ್ಡ ತಕರಾರು ಇದೇ.

ಡೀಸೆಲ್ ಎಂಜಿನ್ ನಿಲ್ಲುವುದು ಬಹುಪಾಲು ಕೊಳಕು ಡೀಸೆಲ್ಲಿನಿಂದ. ಬಂದರಿನಲ್ಲಿ ವರ್ಷಗಟ್ಟಲೆ ನಿಂತ ಟ್ಯಾಂಕಿನ ತಳದಲ್ಲಿ ಸೇರಿದ ನೀರು, ಪಾಚಿಯಂತಹ ಲೋಳೆ ಮೊದಲ ದೊಡ್ಡ ಅಲೆಗೆ ಕದಡಿ ಮೇಲೆ ಬರುತ್ತವೆ. ಎರಡು ಫಿಲ್ಟರ್ ಜೋಡಿಸಿ, ಎಂಜಿನ್ ನಿಲ್ಲಿಸದೆ ಒಂದರಿಂದ ಇನ್ನೊಂದಕ್ಕೆ ತಿರುಗಿಸುವ ವಾಲ್ವ್ ಇರಬೇಕು, ಮೇಲೆ ನಿರ್ವಾತ ಮಾಪಕ ಇರಬೇಕು. ಮುಳ್ಳು ಮೇಲೇರತೊಡಗಿದರೆ ಫಿಲ್ಟರ್ ಕಟ್ಟುತ್ತಿದೆ ಎಂದು ತಿಳಿಯುತ್ತದೆ. ಕೊಳ್ಳುವ ಮುನ್ನದ ತಪಾಸಣೆಯ ದಿನ ಟ್ಯಾಂಕಿನ ತೀರಾ ತಳದಿಂದ ಒಂದು ಗಾಜಿನ ಬಾಟಲಿಗೆ ಡೀಸೆಲ್ ಇಳಿಸಿ, ಹತ್ತು ನಿಮಿಷ ಬಿಟ್ಟು, ಬೆಳಕಿಗೆ ಹಿಡಿಯಿರಿ. ತಳದಲ್ಲಿ ನೀರಿನ ಗೆರೆ ಅಥವಾ ಕಪ್ಪು ಪದರ ಕಂಡರೆ ಟ್ಯಾಂಕ್ ತೆರೆಸಿ ತೊಳೆಸಲೇಬೇಕು.

ಒಂದೇ ಎಂಜಿನ್ ಸಾಕೇ ಎಂಬ ಚರ್ಚೆಗೆ ಕೊನೆಯಿಲ್ಲ. ಒಂದೇ ಪ್ರೊಪೆಲ್ಲರ್ ಇದ್ದರೆ, ಮಲ್ಪೆಯ ಕಡೆ ಫ್ಯಾನ್ ಅನ್ನುತ್ತಾರಲ್ಲ ಅದು, ಉದ್ದದ ಕೀಲಿನ ಹಿಂದೆ ಅಡಗಿ ಕೂರುತ್ತದೆ. ತೇಲುವ ಮರದ ದಿಮ್ಮಿ, ಹಗ್ಗ, ಬಲೆ ಮೊದಲು ಕೀಲಿಗೆ ತಾಗುತ್ತವೆ. ಎರಡು ಎಂಜಿನ್ನಿನ ಬೋಟಿನಲ್ಲಿ ಎರಡೂ ಫ್ಯಾನ್ ಬದಿಯಲ್ಲಿ ಬಯಲಿಗೆ ಬಿದ್ದಿರುತ್ತವೆ. ನಾರ್ಡ್‌ಹಾವ್ನ್‌ಗಳಲ್ಲಿ ಹಲವಕ್ಕೆ ಮನೆಗೆ ಮರಳಲೆಂದು 27 ಎಚ್‌ಪಿ ಆಸುಪಾಸಿನ ಸಣ್ಣ ಯಾನ್ಮಾರ್ ಎಂಜಿನ್, ಅದಕ್ಕೊಂದು ಬೇರೆಯೇ ಶಾಫ್ಟ್, ಮಡಚುವ ಪ್ರೊಪೆಲ್ಲರ್ ಇವೆ. ಶಾಂತ ನೀರಿನಲ್ಲಿ 4 ನಾಟ್ ಕೊಡುತ್ತದೆ, ಎದುರು ಗಾಳಿಯಲ್ಲಿ ಅಷ್ಟು ನಿರೀಕ್ಷಿಸಬೇಡಿ. ಅದಕ್ಕೆ ಬೇರೆ ಟ್ಯಾಂಕು, ಬೇರೆ ಫಿಲ್ಟರ್ ಇಲ್ಲದಿದ್ದರೆ ಮುಖ್ಯ ಎಂಜಿನ್ ನಿಲ್ಲಿಸಿದ ಕೊಳಕು ಡೀಸೆಲ್ಲೇ ಇದನ್ನೂ ನಿಲ್ಲಿಸುತ್ತದೆ. ತಿಂಗಳುಗಟ್ಟಲೆ ಓಡಿಸದ ಬೋಟಿನಲ್ಲಿ ಮಡಚುವ ರೆಕ್ಕೆಗಳು ಚಿಪ್ಪು ಬೆಳೆದು ತೆರೆಯುವುದೇ ಇಲ್ಲ. ಸಮುದ್ರ ಪರೀಕ್ಷೆಯಲ್ಲಿ ಮುಖ್ಯ ಎಂಜಿನ್ ಆರಿಸಿ ಕಾಲು ಗಂಟೆ ಇದೊಂದರಲ್ಲೇ ಓಡಿಸಿ.

ಹಿಂದಿನಿಂದ ಬರುವ ಅಲೆಯಲ್ಲಿ ಬೋಟು ಹೇಗೆ ನಡೆಯುತ್ತದೆ ಎಂಬುದು ಕೊನೆಯ ದೊಡ್ಡ ಪ್ರಶ್ನೆ. ನಮ್ಮ ಕರಾವಳಿಯ ಅಳಿವೆಗಳಲ್ಲಿ ಮೀನುಗಾರಿಕೆ ಬೋಟುಗಳು ಮಗುಚುವ ಸುದ್ದಿ ಓದಿದವರಿಗೆ ಈ ಅಪಾಯ ಗೊತ್ತು: ಹಿಂಬದಿಯ ಅಲೆ ಅಗಲವಾದ ಹಿಂಭಾಗವನ್ನು ಎತ್ತುತ್ತದೆ, ಮೂತಿ ಇಳಿದು ನೀರಿಗೆ ಕಚ್ಚುತ್ತದೆ, ಚುಕ್ಕಾಣಿಗೆ ಹಿಡಿತ ತಪ್ಪಿ ಬೋಟು ಅಲೆಗೆ ಅಡ್ಡ ತಿರುಗುತ್ತದೆ. ನಾರ್ಡ್‌ಹಾವ್ನ್ 46ರ ಒಡಲು ನೀರಿನಡಿ ಹಿಂದಕ್ಕೆ ಹೋದಂತೆ ಮೇಲಕ್ಕೇರುತ್ತದೆ, ಕೀಲು ಆಳ ಮತ್ತು ಉದ್ದ. ಆದ್ದರಿಂದ ಅಲೆ ಅದರಡಿ ಹಾದುಹೋಗುತ್ತದೆ. ಗ್ರ್ಯಾಂಡ್ ಬ್ಯಾಂಕ್ಸ್ 42ರ ತಳ ಹಿಂದೆ ಚಪ್ಪಟೆ, ಅಂಚು ಚೂಪು. ಒಳನಾಡಿನ ನೀರಿನಲ್ಲಿ, ದ್ವೀಪಗಳ ನಡುವೆ ಅದು ಸ್ಥಿರ, ಒಳಗೆ ವಿಶಾಲ, ಮರಗೆಲಸ ನೋಡಲು ಚಂದ. ಆದರೆ ತೇಗದ ಡೆಕ್ಕಿನ ಸಾವಿರಾರು ಸ್ಕ್ರೂ ತೂತುಗಳಿಂದ ನೀರಿಳಿದು ತಿರುಳು ಕೊಳೆಯುವುದು, ಕಬ್ಬಿಣದ ಡೀಸೆಲ್ ಟ್ಯಾಂಕ್ ತುಕ್ಕು ಹಿಡಿಯುವುದು ಅದರ ಹಳೆಯ ರೋಗ. ಅದರ ಲೀಮನ್ 120 ಎಂಜಿನ್ ಗಟ್ಟಿ, ಆದರೆ ಇಂಜೆಕ್ಷನ್ ಪಂಪಿಗೆ ಪ್ರತ್ಯೇಕ ಎಣ್ಣೆ ಇದೆ, ಅದನ್ನು 50 ಗಂಟೆಗೊಮ್ಮೆ ಬದಲಿಸಬೇಕೆಂದು ತಿಳಿಯದ ಮಾಲೀಕರು ಪಂಪನ್ನು ಹಾಳುಮಾಡಿರುತ್ತಾರೆ. ಕ್ರೋಗನ್ 42 ಇವೆರಡರ ನಡುವಿನದು. ಗುಂಡು ತಳ, ಒಂದೇ ಎಂಜಿನ್, ಹಗುರ, ಕಡಿಮೆ ಡೀಸೆಲ್ಲಿನಲ್ಲಿ ದೂರ ಹೋಗುತ್ತದೆ. ಅದರ ಮೊದಲ ಕಂತಿನ ಬೋಟುಗಳಲ್ಲಿ ನೀರಿನಡಿಯ ಒಡಲೂ ತಿರುಳು ತುಂಬಿದ ಎರಡು ಪದರದ್ದು. ಅಂಥದ್ದನ್ನು ತೇವಾಂಶ ಪರೀಕ್ಷೆಯಿಲ್ಲದೆ ಕೊಳ್ಳಕೂಡದು. ಅಲಾಸ್ಕದ ಒಳಗಾಲುವೆ, ಬಹಾಮಾಸ್ ಮಟ್ಟಿಗೆ ಓಡಾಡುವವರಿಗೆ ನಾವು ಕ್ರೋಗನ್ನನ್ನೇ ಹೇಳುತ್ತೇವೆ. ಬರ್ಮುಡಾದಿಂದ ಅಜೋರ್ಸ್‌ಗೆ, ಸುಮಾರು 1,800 ಮೈಲಿ ತೆರೆದ ಅಟ್ಲಾಂಟಿಕ್ಕಿನಲ್ಲಿ, ಹೋಗಬೇಕೆಂದರೆ ನಾರ್ಡ್‌ಹಾವ್ನ್.

ಸಮುದ್ರ ಪರೀಕ್ಷೆಗೆ ಗಾಳಿಯಿರುವ ದಿನವನ್ನೇ ಆರಿಸಿ. ಮೊದಲು ಎಂಜಿನ್ನನ್ನು ಪೂರ್ತಿ ವೇಗಕ್ಕೆ ಏರಿಸಿ ಅರ್ಧ ಗಂಟೆ ಇಡಿ. ಉಷ್ಣತೆ ಏರುತ್ತಲೇ ಹೋದರೆ ಕೀಲ್ ಕೊಳವೆಯ ತೊಂದರೆ. ತಯಾರಕರು ಹೇಳಿದ ಆರ್‌ಪಿಎಂ ಮುಟ್ಟಲು 100, 200 ಕಡಿಮೆ ಬಿದ್ದರೆ ತಳ ಕೊಳಕಾಗಿದೆ, ಇಲ್ಲವೇ ಪ್ರೊಪೆಲ್ಲರ್ ಪಿಚ್, ಅಂದರೆ ರೆಕ್ಕೆಗಳ ಓರೆ, ಜಾಸ್ತಿ. ಆಮೇಲೆ ಅಲೆ ಪಕ್ಕಕ್ಕೆ ಬರುವಂತೆ ತಿರುಗಿಸಿ ಸ್ಟೆಬಿಲೈಜರ್ ಇದ್ದಾಗ, ಇಲ್ಲದಾಗ ಎರಡನ್ನೂ ನೋಡಿ. ಅಲೆ ಹಿಂದಿನಿಂದ ಬರುವಂತೆ ಮಾಡಿ ಆಟೋಪೈಲಟ್ ಎಷ್ಟು ಡಿಗ್ರಿ ಅತ್ತಿತ್ತ ಅಲೆಯುತ್ತದೆ ಗಮನಿಸಿ. ತುರ್ತು ಚುಕ್ಕಾಣಿ ಹಿಡಿಯನ್ನು ಕೂರಿಸಿ ಅದರಿಂದಲೇ ಒಂದು ಸುತ್ತು ತಿರುಗಿಸಿ. ಎಷ್ಟೋ ಬೋಟುಗಳಲ್ಲಿ ಅದರ ಮುಚ್ಚಳವೇ ತೆರೆಯುವುದಿಲ್ಲ.

ಮಾಲೀಕರ ಬಳಿ ಡೀಸೆಲ್ ಲೆಕ್ಕದ ಪುಸ್ತಕ ಇದ್ದರೆ ಕೇಳಿ: ಯಾವ ಆರ್‌ಪಿಎಂನಲ್ಲಿ ಎಷ್ಟು ನಾಟ್, ಗಂಟೆಗೆ ಎಷ್ಟು ಲೀಟರ್. ಅದಿಲ್ಲದಿದ್ದರೆ ಕೊಂಡ ಮೇಲೆ ನೀವೇ ಬರೆಯಬೇಕು. 1,200 ಆರ್‌ಪಿಎಂನಿಂದ ಶುರುಮಾಡಿ 100ರಂತೆ ಏರಿಸುತ್ತ, ಪ್ರತಿ ಹಂತದಲ್ಲೂ ಹೋಗುವ ದಿಕ್ಕು, ಬರುವ ದಿಕ್ಕು ಎರಡರಲ್ಲೂ ಜಿಪಿಎಸ್ ವೇಗ ತೆಗೆದು ಸರಾಸರಿ ಮಾಡಿ, ಹರಿವಿನ ಪ್ರಭಾವ ಕಳೆಯುತ್ತದೆ. ಡೀಸೆಲ್ಲನ್ನು ಟ್ಯಾಂಕಿನ ಅಳತೆ ಗಾಜಿನಲ್ಲಿ ನೋಡಿ ಬರೆದುಕೊಳ್ಳಿ. ಟ್ಯಾಂಕು ಅರ್ಧ ಇದ್ದಾಗ ಒಂದು ಪಟ್ಟಿ, ಪೂರ್ತಿ ತುಂಬಿದಾಗ ಇನ್ನೊಂದು, ಪ್ಯಾರಾವೇನ್ ಇಳಿಸಿ ಮೂರನೆಯದು. ಮೂರೂ ಪಟ್ಟಿ ಸಿದ್ಧವಾಗುವವರೆಗೆ 500 ಮೈಲಿಗಿಂತ ದೂರದ ಬಂದರಿಗೆ ಹೊರಡಬೇಡಿ.